ಟ್ಯೂಬ್ ಮುಳುಗುವುದಿಲ್ಲ, ಸರಿ. ಅದರ ಮೇಲೆ ಕೂತು ಹೊಳೆಯಲ್ಲಿ ಮೀನು ಹಿಡಿಯುವುದು ಸುರಕ್ಷಿತವೇ?

ತುಂಗಭದ್ರೆ ಅಥವಾ ಕೃಷ್ಣೆಯ ದಡದ ಊರುಗಳಲ್ಲಿ ಬೆಳಗಿನ ಜಾವ ಈ ನೋಟ ಕಾಣುತ್ತದೆ. ಗಾಳಿ ತುಂಬಿದ ಲಾರಿ ಟ್ಯೂಬನ್ನು ಹೆಗಲಿಗೇರಿಸಿ, ಕೈಯಲ್ಲಿ ಬಲೆ ಹಿಡಿದು ಒಬ್ಬರು ನೀರಿನ ಕಡೆ ನಡೆಯುತ್ತಿರುತ್ತಾರೆ. ಟ್ಯೂಬಿನ ಮೇಲೆ ಹಲಗೆಯೋ ಥರ್ಮಾಕೋಲ್ ತುಂಡೋ ಇಟ್ಟುಕೊಂಡು ಕೂತು, ಕೈಯಲ್ಲೇ ಹುಟ್ಟು ಹಾಕುತ್ತಾ ಬಲೆಯ ಹತ್ತಿರ ಹೋಗಿ ಬರುತ್ತಾರೆ. ದೋಣಿಗೆ, ಹರಿಗೋಲಿಗೆ ದುಡ್ಡು ಬೇಕು. ಟ್ಯೂಬಿಗೆ ಅಷ್ಟು ಬೇಡ. ಈಚೆಗೆ ಇನ್ನೊಂದು ಬಗೆಯವರೂ ಸೇರಿಕೊಂಡಿದ್ದಾರೆ. ವಿದೇಶಿ ವಿಡಿಯೊ ನೋಡಿ, ಆನ್‌ಲೈನ್‌ನಲ್ಲಿ 'ಫ್ಲೋಟ್ ಟ್ಯೂಬ್' ತರಿಸಿಕೊಂಡು, ವಾರಾಂತ್ಯದಲ್ಲಿ ಗಾಳ ಹಾಕಲು ಹೊಳೆಗೆ ಇಳಿಯುವ ನಗರದ ಹವ್ಯಾಸಿಗಳು.

ಇಬ್ಬರ ಬಾಯಲ್ಲೂ ಇರುವುದು ಒಂದೇ ನಂಬಿಕೆ: 'ಟ್ಯೂಬ್ ಮುಳುಗುವುದಿಲ್ಲ, ಹಾಗಾಗಿ ಭಯವಿಲ್ಲ.' ಇದು ಎಷ್ಟು ನಿಜ ಎಂದು ನಾವು ಬಿಡಿಸಿ ನೋಡಿದೆವು.

ಚುಟುಕಾಗಿ ಹೇಳುವುದಾದರೆ, ನಿಂತ ನೀರಿನಲ್ಲಿ, ಲೈಫ್ ಜಾಕೆಟ್ ತೊಟ್ಟವರಿಗೆ, ಟ್ಯೂಬ್ ಬಹುಮಟ್ಟಿಗೆ ಸುರಕ್ಷಿತ. ಹರಿಯುವ ಹೊಳೆಯಲ್ಲಿ ಅಲ್ಲ. ಅದಕ್ಕೆ ಕಾರಣ ಟ್ಯೂಬ್ ತೇಲುವ ಶಕ್ತಿ ಕಡಿಮೆ ಎಂಬುದಲ್ಲ. ಟ್ಯೂಬ್ ತೇಲಿಯೇ ತೇಲುತ್ತದೆ. ಅಪಾಯ ಬೇರೆ ಕಡೆ ಇದೆ.

ತೇಲುವ ಲೆಕ್ಕ

ಮೊದಲು ಟ್ಯೂಬಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. ಒಂದು ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ; ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ತತ್ವ. ಹೊರ ಅಂಚಿನಿಂದ ಹೊರ ಅಂಚಿಗೆ 1 ಮೀಟರ್ ಅಗಲ, 25 ಸೆಂ.ಮೀ. ದಪ್ಪ ಇರುವ ಟ್ಯೂಬಿನೊಳಗೆ ಸುಮಾರು 115 ಲೀಟರ್ ಗಾಳಿ ಹಿಡಿಸುತ್ತದೆ. ಅಂದರೆ ಅದು 110 ಕಿಲೊದಷ್ಟು ಭಾರವನ್ನು ಎತ್ತಿ ಹಿಡಿಯಬಲ್ಲದು. ನಮ್ಮ ದೇಹದ ಸಾಂದ್ರತೆಯೋ ಹೆಚ್ಚುಕಡಿಮೆ ನೀರಿನಷ್ಟೇ. ವಯಸ್ಕರೊಬ್ಬರ ತಲೆ ನೀರಿನ ಮೇಲೆ ಉಳಿಯಲು ಹೊರಗಿನಿಂದ ಬೇಕಾಗುವುದು 3ರಿಂದ 5 ಕಿಲೊದಷ್ಟು ಬಲ ಮಾತ್ರ. ಆ ಲೆಕ್ಕದಲ್ಲಿ ಟ್ಯೂಬಿನ ಬಳಿ ಬೇಕಾದ್ದಕ್ಕಿಂತ ಇಪ್ಪತ್ತು ಪಟ್ಟು ಶಕ್ತಿ ಇದೆ.

ಆದರೆ ಈ ಲೆಕ್ಕ ನಡೆಯುವುದು ನೀವು ಟ್ಯೂಬಿನ ಜೊತೆಗಿರುವವರೆಗೆ. ಲೈಫ್ ಜಾಕೆಟ್ಟಿಗೂ ಟ್ಯೂಬಿಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಜಾಕೆಟ್ ಮೈಮೇಲೆ ಇರುತ್ತದೆ. ಟ್ಯೂಬ್ ಮೈಕೆಳಗೆ ಇರುತ್ತದೆ. ಬಂಡೆಗೆ ತಾಗಿಯೋ ಅಲೆಗೆ ಸಿಕ್ಕಿಯೋ ಟ್ಯೂಬ್ ಒಮ್ಮೆ ಮಗುಚಿತು ಅನ್ನಿ. ಗಾಳಿ ತುಂಬಿದ ಟ್ಯೂಬ್ ಹಗುರ, ನೀರಿನ ಮೇಲ್ಮೈಯಲ್ಲಿ ಗಾಳಿ ಬೀಸಿದ ಕಡೆ ಸರಸರನೆ ಹೋಗಿಬಿಡುತ್ತದೆ. ಎಷ್ಟು ಚೆನ್ನಾಗಿ ಈಜುವವರಿಗೂ ಅದನ್ನು ಬೆನ್ನಟ್ಟಿ ಹಿಡಿಯುವುದು ಕಷ್ಟ.

ಇದು ಹುಟ್ಟಿದ್ದು ಕೆರೆಗಾಗಿ

ಆನ್‌ಲೈನ್‌ನಲ್ಲಿ ಸಿಗುವ ಫ್ಲೋಟ್ ಟ್ಯೂಬಿಗೂ ನಮ್ಮ ಲಾರಿ ಟ್ಯೂಬಿಗೂ ದಾಯಾದಿ ಸಂಬಂಧ. ಅಮೆರಿಕದಲ್ಲಿ ಇದು ಜನಪ್ರಿಯವಾದಾಗ ಅಲ್ಲಿನವರೂ ವಾಹನದ ಟ್ಯೂಬಿಗೇ ಕ್ಯಾನ್ವಾಸ್ ಹೊದಿಕೆ ಹೊಲಿದು, ನಡುವೆ ಕೂರಲು ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಹೊಟ್ಟೆಯ ಸುತ್ತ ಸುತ್ತಿಕೊಳ್ಳುವುದರಿಂದ 'ಬೆಲ್ಲಿ ಬೋಟ್' ಎಂಬ ಹೆಸರೂ ಬಂತು. ಈಗ ಬರುವ ಮಾದರಿಗಳು ಉಂಗುರದ ಹಾಗಿರುವುದಿಲ್ಲ. ಮುಂಭಾಗ ತೆರೆದ, ಇಂಗ್ಲಿಷಿನ 'ಯು' ಅಥವಾ 'ವಿ' ಅಕ್ಷರದ ಆಕಾರ. ಹಾಗೆ ಬದಲಾಗಲು ಒಂದು ಕಾರಣ ಸುರಕ್ಷತೆಯೇ. ಉಂಗುರದ ನಡುವೆ ಪಟ್ಟಿಯಲ್ಲಿ ಕಾಲು ತೂರಿಸಿ ಕೂತವನು ಮಗುಚಿದರೆ ತಲೆ ಕೆಳಗೆ, ಕಾಲು ಮೇಲೆ. ಬಿಡಿಸಿಕೊಂಡು ಹೊರಬರುವುದು ಸುಲಭವಲ್ಲ.

ಇದರಲ್ಲಿ ಕೂತವರು ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರ್ ಫಿನ್ ಹಾಕಿ ಒದೆಯುತ್ತಾರೆ. ಒದ್ದರೆ ಟ್ಯೂಬ್ ಚಲಿಸುವುದು ಹಿಮ್ಮುಖವಾಗಿ, ಅಂದರೆ ಬೆನ್ನಿನ ದಿಕ್ಕಿಗೆ. ಎದುರಿಗೇನಿದೆ ಎಂದು ನೋಡಲು ಪ್ರತಿ ಬಾರಿ ಕತ್ತು ತಿರುಗಿಸಬೇಕು. ವೇಗ ಮನುಷ್ಯರ ಸಾಮಾನ್ಯ ನಡಿಗೆಗಿಂತ ಕಡಿಮೆ. ಕೆರೆಯಲ್ಲಿ ಇದೇನೂ ತೊಂದರೆಯಲ್ಲ. ಹೊಳೆಯಲ್ಲಿ? ಸೆಳವು ನಡಿಗೆಯ ವೇಗದ್ದಾಗಿದ್ದರೆ, ನೀವು ಎಷ್ಟೇ ಒದ್ದರೂ ಹೋಗುವುದು ಹೊಳೆ ಕರೆದುಕೊಂಡು ಹೋದ ಕಡೆಗೇ. ಅನೇಕ ತಯಾರಕರು ಇದನ್ನು ಹರಿಯುವ ನೀರಿನಲ್ಲಿ ಬಳಸಬೇಡಿ ಎಂದು ಎಚ್ಚರಿಕೆಯ ಚೀಟಿಯಲ್ಲೇ ಬರೆದಿರುತ್ತಾರೆ. ಚೀಟಿಯನ್ನು ಓದುವವರು ಕಡಿಮೆ ಎಂಬುದು ಬೇರೆ ಮಾತು.

ಹೊಳೆ ಯಾಕೆ ಶಾಂತವಾಗಿ ಕಾಣುತ್ತದೆ?

ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದ ವಿಚಾರ ಇದು. ಟ್ಯೂಬಿನ ಮೇಲೆ ಕೂತು ಸೆಳವಿನ ಜೊತೆಯಲ್ಲೇ ತೇಲುತ್ತಿರುವವರಿಗೆ ನೀರಿನ ಬಲ ಗೊತ್ತೇ ಆಗುವುದಿಲ್ಲ. ಓಡುವ ಬಸ್ಸಿನೊಳಗೆ ಕೂತವರಿಗೆ ಪಕ್ಕದ ಸೀಟಿನವರು ಓಡುತ್ತಿರುವಂತೆ ಕಾಣುವುದಿಲ್ಲವಲ್ಲ, ಹಾಗೆ. ನೀರು ಮತ್ತು ನೀವು ಒಂದೇ ವೇಗದಲ್ಲಿದ್ದೀರಿ. ಮೈಗೆ ತಣ್ಣಗೆ, ಹಿತವಾಗಿ ಇರುತ್ತದೆ.

ನೀವು ಯಾವುದಕ್ಕಾದರೂ ಸಿಕ್ಕಿಕೊಂಡ ಕ್ಷಣ ಚಿತ್ರ ಬದಲಾಗುತ್ತದೆ. ಈಗ ನೀವು ನಿಂತಿದ್ದೀರಿ, ನೀರು ಓಡುತ್ತಿದೆ. ಆ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಟ್ಯೂಬ್ ಮತ್ತು ಮುಳುಗಿದ ಕಾಲು ಎರಡೂ ಸೇರಿ ಅರ್ಧ ಚದರ ಮೀಟರಿನಷ್ಟು ಹರವು ನೀರಿಗೆ ಎದುರಾಗಿದೆ ಎಂದಿಟ್ಟುಕೊಂಡು ನಾವು ಸ್ಥೂಲವಾಗಿ ಲೆಕ್ಕ ಹಾಕಿದೆವು. ಸೆಕೆಂಡಿಗೆ ಅರ್ಧ ಮೀಟರ್ ಸೆಳವಿದ್ದರೆ ಸುಮಾರು 6 ಕಿಲೊ ಭಾರ ತಳ್ಳಿದಂತೆ. 1 ಮೀಟರ್ ಇದ್ದರೆ 25 ಕಿಲೊ. 2 ಮೀಟರ್ ಇದ್ದರೆ 100 ಕಿಲೊ. ವೇಗ ನಾಲ್ಕು ಪಟ್ಟಾದರೆ ಬಲ ಹದಿನಾರು ಪಟ್ಟು! ಗಾಳಿಯಾದರೆ ಬೀಸಿ ನಿಲ್ಲುತ್ತದೆ, ಮತ್ತೆ ಬೀಸುತ್ತದೆ. ಹೊಳೆಗೆ ಬಿಡುವಿಲ್ಲ. 100 ಕಿಲೊ ಒತ್ತಡ ಒಂದೇ ಸಮನೆ, ನೀವು ಬಿಡಿಸಿಕೊಳ್ಳುವವರೆಗೆ ಇರುತ್ತದೆ.

ಹೊಳೆಯಲ್ಲಿ ಸಿಕ್ಕಿಕೊಳ್ಳಲು ಏನಿದೆ? ಬೇಕಾದಷ್ಟಿದೆ. ದಡದಿಂದ ಬಾಗಿದ ಬಿದಿರು, ಹೋದ ಮಳೆಗಾಲದಲ್ಲಿ ಉರುಳಿ ಬಿದ್ದ ಮರ, ಪಂಪ್‌ಸೆಟ್ಟಿನ ಪೈಪು, ಯಾರೋ ಬಿಟ್ಟ ಹಳೆಯ ಬಲೆ. ಇವುಗಳಲ್ಲಿ ಬಿದ್ದ ಮರವೇ ಅತಿ ಅಪಾಯಕಾರಿ. ರೆಂಬೆಗಳ ನಡುವೆ ನೀರು ಸರಾಗವಾಗಿ ಹಾದುಹೋಗುತ್ತದೆ, ಮನುಷ್ಯ ಹಾದುಹೋಗಲಾರ. ಚಹಾ ಸೋಸುವ ಜರಡಿಯಲ್ಲಿ ಚರಟ ಉಳಿಯುವಂತೆ ಅಲ್ಲಿ ಒತ್ತಿಕೊಂಡು ಉಳಿಯುತ್ತಾನೆ. ಟ್ಯೂಬ್ ಆಗ ನೆರವಿಗಿಂತ ಹೊರೆ. ಅದರ ಅಗಲವೇ ನೀರಿಗೆ ಹೆಚ್ಚು ಹಿಡಿತ ಕೊಡುತ್ತದೆ.

ಇದೇ ಕಾರಣಕ್ಕೆ, ಟ್ಯೂಬ್ ತಪ್ಪಿಹೋಗದಿರಲೆಂದು ಸೊಂಟಕ್ಕೆ ಹಗ್ಗದಿಂದ ಕಟ್ಟಿಕೊಳ್ಳುವ ರೂಢಿ ಹೊಳೆಯಲ್ಲಿ ತಿರುಗುಬಾಣವಾಗಬಹುದು. ಟ್ಯೂಬ್ ಬಂಡೆಯ ಒಂದು ಕಡೆ, ನೀವು ಇನ್ನೊಂದು ಕಡೆ, ನಡುವೆ ಬಿಗಿದ ಹಗ್ಗ. ತುಂಬಿದ ಭಾರದಲ್ಲಿ ಬಿಗಿದ ಗಂಟನ್ನು ಒದ್ದೆ ಕೈಯಲ್ಲಿ ಬಿಚ್ಚಲು ಸಾಧ್ಯವೇ ಇಲ್ಲ ಎನ್ನಬಹುದು. ಒಂದೇ ಕಡೆ ನಿಂತು ಗಾಳ ಹಾಕಲೆಂದು ಕಲ್ಲು ಕಟ್ಟಿ ಲಂಗರು ಇಳಿಬಿಡುವುದೂ ಅಷ್ಟೇ ಕೆಟ್ಟದ್ದು. ಸೆಳವು ಹೆಚ್ಚಿದಾಗ ಅದು ಟ್ಯೂಬನ್ನೇ ನೀರೊಳಕ್ಕೆ ಎಳೆಯುತ್ತದೆ. ಬಲೆ ಎಳೆಯುವವರು ಒಂದು ಚೂರಿಯನ್ನು ಒಂದೇ ಕೈಗೆ ಸಿಗುವ ಹಾಗೆ ಎದೆಯ ಹತ್ತಿರ ಇಟ್ಟುಕೊಳ್ಳಬೇಕು. ಕಾಲಿಗೆ ನೈಲಾನ್ ಬಲೆ ಸುತ್ತಿಕೊಂಡಾಗ ಕೆಲಸಕ್ಕೆ ಬರುವುದು ಅದೊಂದೇ.

ಸಣ್ಣ ಒಡ್ಡು, ದೊಡ್ಡ ಬಲೆ

ದೊಡ್ಡ ಜಲಪಾತ ಕಂಡರೆ ಯಾರೂ ಟ್ಯೂಬ್ ಇಳಿಸುವುದಿಲ್ಲ. ಮೋಸ ಹೋಗುವುದು ಮೂರು ನಾಲ್ಕು ಅಡಿ ಎತ್ತರದ ಒಡ್ಡುಗಳಲ್ಲಿ. ಮೇಲ್ಗಡೆಯಿಂದ ಬರುವವರಿಗೆ ಅದು ಕಾಣುವುದೂ ಇಲ್ಲ, ನೀರಿನ ಮೇಲ್ಮೈಯಲ್ಲಿ ನೇರವಾದ ಒಂದು ಗೆರೆ ಎಳೆದ ಹಾಗೆ ಇರುತ್ತದೆ, ಅಷ್ಟೇ.

ಒಡ್ಡಿನ ಮೇಲಿಂದ ಧುಮುಕಿದ ನೀರು ಕೆಳಗೆ ತಳಕ್ಕೆ ಹೋಗಿ, ಸ್ವಲ್ಪ ದೂರದಲ್ಲಿ ಮೇಲೆ ಬಂದು, ಅದರ ಒಂದು ಭಾಗ ಮತ್ತೆ ಒಡ್ಡಿನ ಕಡೆಗೇ ಹಿಂದಿರುಗುತ್ತದೆ. ಮಲಗಿಸಿಟ್ಟ ಚಕ್ರ ತಿರುಗಿದ ಹಾಗೆ. ಅದರಲ್ಲಿ ಸಿಕ್ಕವರನ್ನು ನೀರು ಒಳಗೆಳೆದು, ಮೇಲೆತ್ತಿ, ಮತ್ತೆ ಒಡ್ಡಿನ ಬುಡಕ್ಕೆ ತಂದು ಒಳಗೆಳೆಯುತ್ತದೆ. ಅಲ್ಲಿನ ನೊರೆನೀರಿನಲ್ಲಿ ಗಾಳಿ ಬೆರೆತಿರುವುದರಿಂದ ಅದರ ಸಾಂದ್ರತೆ ಕಡಿಮೆ. ತೇಲಿಸುವ ಬಲವೂ ಅಷ್ಟೇ ಕಡಿಮೆ. ಅಮೆರಿಕದ ರಕ್ಷಣಾ ತಂಡಗಳು ಇಂಥ ಒಡ್ಡುಗಳನ್ನು 'ಮುಳುಗಿಸುವ ಯಂತ್ರ' ಎಂದೇ ಕರೆಯುತ್ತವೆ. ನಮ್ಮಲ್ಲಿ ಇವಕ್ಕೇನು ಕೊರತೆಯೇ? ವಿಜಯನಗರ ಕಾಲದ ಅಣೆಗಳಿಂದ ಹಿಡಿದು ಈಚಿನ ಸೇತುವೆ ಕಮ್ ಬ್ಯಾರೇಜುಗಳವರೆಗೆ ಎಲ್ಲ ನದಿಗಳಲ್ಲೂ ಇವೆ. ಕೆಆರ್‌ಎಸ್ ಬಳಿಯ ಬಲಮುರಿಯನ್ನು ಜನ ಜಲಪಾತ ಎಂದು ಕರೆದರೂ ಅದು ಕಾವೇರಿಗೆ ಕಟ್ಟಿದ ಒಡ್ಡೇ. ನೋಡಲು ಮೆಟ್ಟಿಲಿಳಿಯುವಂತೆ ನೀರು ಇಳಿಯುವ ಆ ಜಾಗದಲ್ಲಿ ಜನ ಮುಳುಗಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಒಡ್ಡಿನ ಕೆಳಗೆ ಮೀನು ಚೆನ್ನಾಗಿ ಸಿಗುತ್ತದೆ ಎಂಬುದು ನಿಜ. ಅಲ್ಲಿ ದಡದಿಂದಲೇ ಬಲೆ ಬೀಸಿ, ಟ್ಯೂಬಿನಲ್ಲಿ ಹತ್ತಿರ ಹೋಗಬೇಡಿ.

ಮಳೆಯಿಲ್ಲ, ಆದರೂ ಹೊಳೆ ಏರುತ್ತದೆ

ಕರ್ನಾಟಕದ ದೊಡ್ಡ ನದಿಗಳಲ್ಲಿ ನೀರಿನ ಮಟ್ಟವನ್ನು ತೀರ್ಮಾನಿಸುವುದು ಮೋಡವಲ್ಲ, ಅಣೆಕಟ್ಟಿನ ಗೇಟು. ಪತ್ರಿಕೆಯಲ್ಲಿ '10,000 ಕ್ಯುಸೆಕ್ ಹೊರಹರಿವು' ಎಂದು ಓದುತ್ತೇವಲ್ಲ, ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. 10,000 ಕ್ಯುಸೆಕ್ ಅಂದರೆ ಪ್ರತಿ ಸೆಕೆಂಡಿಗೆ 2.8 ಲಕ್ಷ ಲೀಟರ್. ಇಪ್ಪತ್ತಕ್ಕೂ ಹೆಚ್ಚು ದೊಡ್ಡ ನೀರಿನ ಟ್ಯಾಂಕರುಗಳು ಸೆಕೆಂಡಿಗೊಮ್ಮೆ ಖಾಲಿಯಾದ ಹಾಗೆ.

ಮಳೆಗಾಲದಲ್ಲಿ ನೀರು ಬಿಡುವ ಮುನ್ನ ಡಂಗುರ, ಸೈರನ್, ಧ್ವನಿವರ್ಧಕದ ಎಚ್ಚರಿಕೆ ಇರುತ್ತದೆ. ಜಲವಿದ್ಯುತ್ ಇರುವ ನದಿಗಳಲ್ಲಿ ಕಥೆ ಬೇರೆ. ವಿದ್ಯುತ್ ಬೇಡಿಕೆ ಏರಿದಾಗ ಯಂತ್ರಗಳು ಓಡುತ್ತವೆ, ಇಳಿದಾಗ ನಿಲ್ಲುತ್ತವೆ. ಕೆಳಗಿನ ಹೊಳೆ ಅದಕ್ಕೆ ತಕ್ಕಂತೆ ದಿನದಲ್ಲೇ ಏರಿಳಿಯುತ್ತದೆ. ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ನಡೆಯುವುದೇ ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಜಾಗ ಮಧ್ಯಾಹ್ನ ಎದೆಯುದ್ದ ಆಗಬಹುದು, ಆಕಾಶದಲ್ಲಿ ಒಂದು ಮೋಡವೂ ಇಲ್ಲದೆ.

ಗುರುತು ಹಿಡಿಯುವುದು ಹೇಗೆ? ಇಳಿಯುವ ಮುನ್ನ ದಡದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಒದ್ದೆ ಗೆರೆ ಮೇಲೇರಿತೆಂದರೆ, ತಿಳಿನೀರು ಕದಡಿತೆಂದರೆ, ಒಣ ಎಲೆ ಕಡ್ಡಿ ಕಸ ಒಟ್ಟಿಗೇ ತೇಲಿ ಬರತೊಡಗಿದರೆ, ಬಲೆ ಬಿಟ್ಟಾದರೂ ಸರಿ, ದಡಕ್ಕೆ ಬನ್ನಿ. ಬಲೆ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ ಎಂದು ನಮಗೂ ಗೊತ್ತು. ಆದರೆ ಬಲೆ ಉಳಿಸಿಕೊಳ್ಳುವ ಕೊನೆಯ ಗಳಿಗೆಯ ಪ್ರಯತ್ನ ಜೀವಕ್ಕೇ ಎರವಾಗಬಹುದು.

ಬಿಸಿಲು, ತೇಪೆ ಮತ್ತು ಗಾಳಿ

ದಡದಲ್ಲಿ ಬಿಸಿಲಿಗೆ ಬಿದ್ದ ಕಪ್ಪು ಟ್ಯೂಬು ಗಟ್ಟಿಯಾಗಿರುತ್ತದೆ. ನೀರಿಗಿಳಿಸಿದ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ತೂತಾಗಿದೆ ಎಂದೇನಲ್ಲ, ಗಾಳಿ ತಣ್ಣಗಾದರೆ ಕುಗ್ಗುತ್ತದೆ. 50 ಡಿಗ್ರಿಯಿಂದ 25 ಡಿಗ್ರಿಗೆ ಇಳಿದರೆ ಶೇ. 8ರಷ್ಟು ಕುಗ್ಗುತ್ತದೆ. ಹಾಗಾಗಿ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮತ್ತೆ ಗಾಳಿ ನೋಡಿಕೊಂಡು ಹೊರಡಬೇಕು. ವಾಪಸು ಬಂದ ಮೇಲೆ ಬಿಸಿಲಿಗೆ ಬಿಡುವ ಮುನ್ನ ಒಂದಿಷ್ಟು ಗಾಳಿ ಬಿಡಬೇಕು, ಇಲ್ಲವಾದರೆ ಹಳೆಯ ತೇಪೆ ಎದ್ದುಬರುತ್ತದೆ. ಹೊಸ ಲಾರಿಗಳು ಟ್ಯೂಬ್‌ಲೆಸ್ ಟೈರಿಗೆ ಬದಲಾಗುತ್ತಿರುವುದರಿಂದ ಈಗ ಸಿಗುವ ಟ್ಯೂಬುಗಳಲ್ಲಿ ಹೆಚ್ಚಿನವು ಹಲವು ಪಂಚರ್ ಕಂಡವು. ಒಂದೇ ಟ್ಯೂಬು ಅಂದರೆ ಒಂದೇ ಗಾಳಿಕೋಣೆ. ಗಾಳ, ಮುಳ್ಳು, ಮೀನಿನ ಈಟಿ ಯಾವುದು ಚುಚ್ಚಿದರೂ ಎಲ್ಲ ಗಾಳಿಯೂ ಅದೇ ದಾರಿಯಲ್ಲಿ ಹೋಗುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಒಳ್ಳೆಯ ಫ್ಲೋಟ್ ಟ್ಯೂಬುಗಳಲ್ಲಿ ಎರಡು ಮೂರು ಕೋಣೆಗಳಿರುವುದು ಇದಕ್ಕೇ.

ಇನ್ನೊಂದು ಸಣ್ಣ ಮಾತು. ಕಾಳಿ, ಕೃಷ್ಣೆ, ತುಂಗಭದ್ರೆಗಳಲ್ಲಿ ಮೊಸಳೆಗಳಿವೆ. ದೋಣಿಯಲ್ಲಿ ಕೂತವರ ಕಾಲು ದೋಣಿಯೊಳಗಿರುತ್ತದೆ, ಟ್ಯೂಬಿನಲ್ಲಿ ಕೂತವರ ಕಾಲು ನೀರಲ್ಲಿರುತ್ತದೆ. ಇದಕ್ಕಿಂತ ಹೆಚ್ಚು ವಿವರಣೆ ಬೇಡ ಅನ್ನಿಸುತ್ತದೆ. ಕಾಲಲ್ಲಿ ಗಾಯವಿದ್ದು ಗಂಟೆಗಟ್ಟಲೆ ನೀರಲ್ಲಿದ್ದರೆ ಇಲಿಜ್ವರದ ಅಪಾಯವೂ ಇದೆ. ಹೊಳೆಗೆ ಹೋಗಿಬಂದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು ಬಂದರೆ ವೈದ್ಯರಿಗೆ ನೀರಿಗಿಳಿದ ವಿಷಯ ಹೇಳಿ.

ಬಟ್ಟೆಯಲ್ಲಿ ನೀರು ತುಂಬಿ ಎಳೆಯುತ್ತದೆಯೇ?

ಪ್ಯಾಂಟಿನಲ್ಲಿ, ಗಮ್‌ಬೂಟಿನಲ್ಲಿ ನೀರು ತುಂಬಿದರೆ ಕಲ್ಲು ಕಟ್ಟಿದಂತೆ ಮುಳುಗುತ್ತೇವೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಇದು ತಪ್ಪು. ನೀರೊಳಗಿನ ನೀರಿಗೆ ತೂಕವಿಲ್ಲ; ಬಾವಿಯೊಳಗೆ ಮುಳುಗಿದ ಕೊಡ ಹಗುರವಾಗಿದ್ದು ಮೇಲೆ ಬಂದ ಕೂಡಲೇ ಭಾರವಾಗುವುದು ನಮಗೆಲ್ಲ ಗೊತ್ತು. ಅಮೆರಿಕದ ಹೆಸರಾಂತ ಗಾಳಗಾರ ಲೀ ವುಲ್ಫ್ ಎದೆಯುದ್ದದ ರಬ್ಬರ್ ಉಡುಪು ತೊಟ್ಟು ಸೇತುವೆಯಿಂದ ನದಿಗೆ ಜಿಗಿದು, ಈಜಿ ದಡ ಸೇರಿ ಇದನ್ನು ತೋರಿಸಿದ್ದರು. ಹಾಗೆಂದು ನಿರ್ಲಕ್ಷ್ಯ ಸಲ್ಲದು. ಒದ್ದೆ ಬಟ್ಟೆ ಈಜಿನ ವೇಗ ತಗ್ಗಿಸುತ್ತದೆ, ಸೆಳವಿಗೆ ಹಿಡಿತ ಕೊಡುತ್ತದೆ, ದಡ ಹತ್ತುವಾಗ ಕೊಡದ ಹಾಗೇ ಭಾರವಾಗುತ್ತದೆ. ಮುಳುಗಿಸುವುದಿಲ್ಲ, ಅಷ್ಟೇ. ನೀರಿಗೆ ಬಿದ್ದಾಗ ಬೂಟು ಬಿಚ್ಚಲು ಪರದಾಡಿ ದಣಿಯುವುದಕ್ಕಿಂತ ಮೇಲ್ಮುಖವಾಗಿ ತೇಲುವುದು ಮೇಲು.

ತೇಲುವ ಭಂಗಿ ಹೀಗಿರಲಿ: ಬೆನ್ನ ಮೇಲೆ ಮಲಗಿ, ಪಾದ ನೀರು ಹೋಗುವ ದಿಕ್ಕಿಗೆ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ. ಬಂಡೆ ಎದುರಾದರೆ ಕಾಲು ತಡೆಯುತ್ತದೆ, ತಲೆ ಉಳಿಯುತ್ತದೆ. ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಪಾದ ಎರಡು ಬಂಡೆಗಳ ನಡುವೆ ಸಿಕ್ಕಿದರೆ ನೀರು ಬೆನ್ನಿಗೆ ಗುದ್ದಿ ಮುಖ ಕೆಳಗೆ ಮಾಡಿಬಿಡುತ್ತದೆ. ಸೊಂಟದಷ್ಟೇ ಆಳದ ನೀರಿನಲ್ಲಿ ಈಜು ಬಲ್ಲವರು ಸಾಯುವುದು ಹೀಗೆ. ಬೆನ್ನ ಮೇಲೆಯೇ ಓರೆಯಾಗಿ ದಡದ ಕಡೆ ಸಾಗಿ, ನೀರು ನಿಧಾನವಾದ ಕಡೆ ಎದ್ದೇಳಿ.

ಹಾಗಾದರೆ ಟ್ಯೂಬ್ ಬೇಡವೇ?

ಕೆರೆಯಲ್ಲಿ, ಗಾಳಿ ಬೀಸದ ಹೊತ್ತಿನ ಹಿನ್ನೀರಿನಲ್ಲಿ, ಬೇಸಿಗೆಯಲ್ಲಿ ಹರಿವು ನಿಂತ ಮಡುಗಳಲ್ಲಿ ಬಳಸಬಹುದು, ಲೈಫ್ ಜಾಕೆಟ್ ತೊಟ್ಟು, ದಡದಲ್ಲಿ ಇನ್ನೊಬ್ಬರಿದ್ದಾಗ. ಹರಿವು ಇದೆಯೋ ಇಲ್ಲವೋ ಅನುಮಾನವಿದ್ದರೆ ಒಂದು ಪರೀಕ್ಷೆ ಇದೆ. ದಡದಲ್ಲಿ 10 ಮೀಟರ್ ಅಳೆದುಕೊಂಡು, ಒಣಕಡ್ಡಿ ಎಸೆದು, ಅದು ಆ ದೂರ ದಾಟಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. 20 ಸೆಕೆಂಡಿಗಿಂತ ಬೇಗ ದಾಟಿದರೆ ಟ್ಯೂಬ್ ಇಳಿಸಬೇಡಿ ಎಂಬುದು ನಮ್ಮ ಸಲಹೆ. ನಿಧಾನವಿದ್ದರೂ ಕೆಳಗಿನ ತಿರುವಿನವರೆಗೆ ನಡೆದು ಹೋಗಿ ಏನಿದೆ ಎಂದು ನೋಡಿ ಬನ್ನಿ. ಹರಿಯುವ ನೀರಿಗೆ ನಮ್ಮ ಹರಿಗೋಲೇ ಎಷ್ಟೋ ವಾಸಿ. ಕಾಲು ಒಳಗಿರುತ್ತದೆ, ಕೈಯಲ್ಲಿ ಹುಟ್ಟಿರುತ್ತದೆ, ಎದುರು ಕಾಣುತ್ತದೆ.

ಜಾಕೆಟ್ ಹಾಕಿದ ಮೇಲೆ ಯಾರಿಂದಲಾದರೂ ಭುಜದ ಪಟ್ಟಿಗಳನ್ನು ಮೇಲಕ್ಕೆ ಎಳೆಸಿ ನೋಡಿ. ಅದು ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ, ನೀರಿನಲ್ಲಿ ಕಳಚಿಹೋಗುತ್ತದೆ.

ಯಾರಾದರೂ ಮುಳುಗಿದರೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಭಾರತದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು. ಇವರಲ್ಲಿ ಕಾಪಾಡಲು ಹಾರಿದವರೂ ಇದ್ದಾರೆ. ಆದ್ದರಿಂದ ಮೊದಲು ಹಗ್ಗ, ಪಂಚೆ, ಬಿದಿರುಕೋಲು ಚಾಚಿ, ಇಲ್ಲವೇ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. 112ಕ್ಕೆ ಕರೆ ಮಾಡಿ.

ಮೇಲೆ ತಂದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ. ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಹೋಗಬಹುದು, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಮುಳುಗಿದವರಿಗೆ ಮೊದಲು ಬೇಕಾದ್ದು ಉಸಿರು. ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಗಾಳಿ ಊದಿ. ನಂತರ ಎದೆಯ ನಡುವೆ 30 ಬಾರಿ ಒತ್ತಿ, 2 ಬಾರಿ ಉಸಿರು ಊದಿ; ನೆರವು ಬರುವವರೆಗೆ ಹೀಗೇ ಮುಂದುವರಿಸಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ಆಳ ವಯಸ್ಕರಿಗೆ 5 ಸೆಂ.ಮೀ.

ಶವವನ್ನು ಉಪ್ಪಿನಲ್ಲಿ ಮುಚ್ಚಿಟ್ಟರೆ ಜೀವ ಬರುತ್ತದೆ ಎಂಬ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಇಂದಿಗೂ ಸುತ್ತುತ್ತಿದೆ. ಅದು ಪೂರ್ತಿ ಸುಳ್ಳು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅದನ್ನು ನಂಬಿ ಮುಳುಗಿದ ಬಾಲಕನೊಬ್ಬನನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟಿದ್ದರು. ಅವನು ಎದ್ದು ಬರಲಿಲ್ಲ. ಉಪ್ಪಿಗೆ ಆ ಗುಣವಿಲ್ಲ. ಮೆದುಳು ಆಮ್ಲಜನಕವಿಲ್ಲದೆ ತಡೆಯುವುದು ಕೆಲವೇ ನಿಮಿಷ, ಆ ನಿಮಿಷಗಳಲ್ಲಿ ಕೆಲಸ ಮಾಡಬಲ್ಲದ್ದು ಪಕ್ಕದಲ್ಲಿರುವವರ ಉಸಿರು ಮತ್ತು ಕೈ ಮಾತ್ರ.

ಹೊಳೆಯನ್ನೇ ನಂಬಿ ಬದುಕುವ ಮೀನುಗಾರರು ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಬಹುದು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಸಾಮೂಹಿಕ ಅಪಘಾತ ವಿಮೆ ಇದ್ದು, ಒಳನಾಡು ಮೀನುಗಾರರಿಗೂ ಅನ್ವಯಿಸುತ್ತದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರ. ವಿಮಾ ಕಂತನ್ನು ಮೀನುಗಾರರು ಕಟ್ಟಬೇಕಿಲ್ಲ, ಸರ್ಕಾರವೇ ಭರಿಸುತ್ತದೆ. ಆದರೆ ಹೆಸರು ನೋಂದಣಿಯಾಗಿರಬೇಕು. ಆಗಿದೆಯೇ ಎಂದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಹರಿಗೋಲಿಗೆ ಸಹಾಯಧನ ಇದೆಯೇ ಎಂಬುದನ್ನೂ ಅಲ್ಲೇ ಕೇಳಿ.